ಚೀಟಿಯಿಂದ ಶ್ವಾಸಕೋಶದವರೆಗೆ: ಉಸಿರಾಟದ ರೋಗಗಳ ಆರೈಕೆಯಲ್ಲಿ ಫಾರ್ಮಾಸಿಸ್ಟರು

ರಕ್ತದೊತ್ತಡದ ಮಾತ್ರೆಯನ್ನು ನೀರಿನೊಡನೆ ನುಂಗಿದರೆ ರೋಗಿಯ ಪಾಲಿನ ಕೆಲಸ ಅಲ್ಲಿಗೆ ಮುಗಿಯುತ್ತದೆ. ಮಾತ್ರೆ ಕರಗುವುದು, ಕರುಳಿನಿಂದ ರಕ್ತಕ್ಕೆ ಸೇರುವುದು, ತಲುಪಬೇಕಾದ ಅಂಗವನ್ನು ತಲುಪುವುದು ಎಲ್ಲವೂ ದೇಹದ ಪಾಡಿಗೆ ನಡೆಯುತ್ತವೆ. ಉಸಿರಿನ ಮೂಲಕ ಒಳಗೆಳೆದುಕೊಳ್ಳುವ ಔಷಧದ ಮಾತು ಹಾಗಲ್ಲ. ಇನ್ಹೇಲರನ್ನು ಹಿಡಿದ ಕೈ, ಅದನ್ನು ಒತ್ತಿದ ಗಳಿಗೆ, ಉಸಿರೆಳೆದ ವೇಗ ಮತ್ತು ಎಳೆದ ಉಸಿರನ್ನು ತಡೆದು ನಿಲ್ಲಿಸಿದ ಅವಧಿ, ಇವೆಲ್ಲ ಸೇರಿ ಶ್ವಾಸಕೋಶಕ್ಕೆ ಎಷ್ಟು ಔಷಧ ತಲುಪುತ್ತದೆ ಎಂಬುದನ್ನು ನಿರ್ಧರಿಸುತ್ತವೆ. ವೈದ್ಯರು ಚೀಟಿಯಲ್ಲಿ ಬರೆದ ಪ್ರಮಾಣಕ್ಕೂ ರೋಗಿಯ ಶ್ವಾಸನಾಳಕ್ಕೆ ನಿಜವಾಗಿ ಇಳಿದ ಪ್ರಮಾಣಕ್ಕೂ ಅಜಗಜಾಂತರವಿರಬಹುದು, ಮತ್ತು ಆ ಅಂತರವನ್ನು ಕಂಡು ಸರಿಪಡಿಸಲು ಅತ್ಯಂತ ಅನುಕೂಲವಾದ ಜಾಗದಲ್ಲಿ ಇರುವವರು ಔಷಧವನ್ನು ರೋಗಿಯ ಕೈಗೆ ಕೊಡುವ ಫಾರ್ಮಾಸಿಸ್ಟರು. ಉಸಿರಾಟದ ರೋಗಗಳ ಚಿಕಿತ್ಸೆಯಲ್ಲಿ ಅವರ ತಿಳಿವಳಿಕೆಯ ಮಾತು ಔಷಧದ ಜೊತೆಗೆ ಸಿಗುವ ಉಚಿತ ಸಲಹೆಯಲ್ಲ, ಅದು ಔಷಧದ ಪ್ರಮಾಣದ ಒಂದು ಭಾಗವೇ ಆಗಿದೆ ಎಂಬುದನ್ನು ಈ ಅಧ್ಯಾಯ ವಿವರಿಸುತ್ತದೆ.

ರೋಗದ ಹೊರೆ

ಜನರ ಮಾತಿನಲ್ಲಿ ದಮ್ಮು, ಉಬ್ಬಸ, ಗೂರಲು ಎಂದೆಲ್ಲ ಕರೆಸಿಕೊಳ್ಳುವ ತೊಂದರೆಗಳಲ್ಲಿ ವೈದ್ಯವಿಜ್ಞಾನವು ಮುಖ್ಯವಾಗಿ ಎರಡು ರೋಗಗಳನ್ನು ಗುರುತಿಸುತ್ತದೆ. ಮೊದಲನೆಯದು ಅಸ್ತಮಾ, ಇದರಲ್ಲಿ ಶ್ವಾಸನಾಳಗಳ ಒಳಪದರ ದೀರ್ಘಕಾಲ ಉರಿಯೂತಕ್ಕೆ ಒಳಗಾಗಿ, ಧೂಳು, ಪರಾಗ, ಚಳಿಗಾಳಿ ಅಥವಾ ನೆಗಡಿಯಂತಹ ಸಣ್ಣ ಪ್ರಚೋದನೆಗೂ ನಾಳದ ಸ್ನಾಯುಗಳು ಬಿಗಿದುಕೊಂಡು ಗಾಳಿಯ ದಾರಿ ಕಿರಿದಾಗುತ್ತದೆ, ಆದರೆ ಸರಿಯಾದ ಚಿಕಿತ್ಸೆ ಸಿಕ್ಕರೆ ಆ ದಾರಿ ಮತ್ತೆ ಬಹುಮಟ್ಟಿಗೆ ತೆರೆದುಕೊಳ್ಳುತ್ತದೆ. ಎರಡನೆಯದು ವೈದ್ಯರು ಸಿಒಪಿಡಿ ಎಂದು ಕರೆಯುವ ದೀರ್ಘಕಾಲಿಕ ಶ್ವಾಸಕೋಶ ಅಡಚಣೆ ರೋಗ. ಬೀಡಿ ಸಿಗರೇಟಿನ ಹೊಗೆಯಿಂದಲೋ, ಸೌದೆ ಬೆರಣಿಗಳ ಒಲೆಯ ಮುಂದೆ ಕಳೆದ ವರ್ಷಗಳಿಂದಲೋ, ಗಣಿ ಕಾರ್ಖಾನೆಗಳ ಧೂಳಿನಿಂದಲೋ ನಾಳಗಳೂ ಗಾಳಿಚೀಲಗಳೂ ಹಾಳಾಗಿ, ಕಿರಿದಾದ ದಾರಿ ಪೂರ್ಣವಾಗಿ ತೆರೆದುಕೊಳ್ಳದ ಸ್ಥಿತಿ ಇದು.

ಭಾರತದ ರಾಜ್ಯವಾರು ರೋಗಭಾರದ ಅಧ್ಯಯನವು 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ದೇಶದಲ್ಲಿ ಸಿಒಪಿಡಿ ಇರುವವರ ಸಂಖ್ಯೆ 1990ರಲ್ಲಿ 2.81 ಕೋಟಿ ಇದ್ದದ್ದು 2016ರ ಹೊತ್ತಿಗೆ 5.53 ಕೋಟಿಗೆ ಏರಿತ್ತು, ಅಸ್ತಮಾ ಇರುವವರು 3.79 ಕೋಟಿ ಇದ್ದರು. ಜಗತ್ತಿನ ಜನಸಂಖ್ಯೆಯ ಶೇ 18ರಷ್ಟನ್ನು ಹೊಂದಿರುವ ಭಾರತವು ದೀರ್ಘಕಾಲಿಕ ಶ್ವಾಸರೋಗಗಳಿಂದ ನಷ್ಟವಾಗುವ ಆರೋಗ್ಯಕರ ಬದುಕಿನ ವರ್ಷಗಳಲ್ಲಿ ಶೇ 32ರಷ್ಟು ಪಾಲನ್ನು ಹೊತ್ತಿದೆ ಎಂಬುದು ಅದೇ ಅಧ್ಯಯನದ ಇನ್ನೊಂದು ಲೆಕ್ಕ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬರುವ ಮಕ್ಕಳನ್ನು ದೀರ್ಘಕಾಲ ಗಮನಿಸಿ ದಾಖಲಿಸಿದಂತೆ, ಅಸ್ತಮಾ ಇರುವ ಮಕ್ಕಳ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರಲ್ಲಿ ಶೇ 29.5ಕ್ಕೆ ಏರಿತ್ತು, ನಗರದ ವಾಹನಗಳು ಮತ್ತು ಹೊಗೆ ಹೆಚ್ಚಿದ ಎರಡು ದಶಕಗಳೂ ಇವೇ. ಇಷ್ಟೊಂದು ಜನರಿಗೆ ಬೇಕಾದಷ್ಟು ಶ್ವಾಸಕೋಶ ತಜ್ಞರು ಯಾವ ರಾಜ್ಯದಲ್ಲಿಯೂ ಇಲ್ಲ, ಇರುವವರೂ ಬಹುತೇಕ ದೊಡ್ಡ ಊರುಗಳಲ್ಲಿಯೇ ನೆಲೆಸಿದ್ದಾರೆ. ಔಷಧದ ಅಂಗಡಿಯಾದರೋ ಹೋಬಳಿ ಮಟ್ಟದ ಊರುಗಳಲ್ಲಿಯೂ ಇದೆ, ಅಲ್ಲಿಗೆ ಹೋಗಲು ಸರದಿಯ ಚೀಟಿ ಬೇಕಿಲ್ಲ, ಶುಲ್ಕವೂ ಇಲ್ಲ.

ಬಾಯಿಂದ ಶ್ವಾಸನಾಳದವರೆಗಿನ ದಾರಿ

ಔಷಧವನ್ನು ನೇರವಾಗಿ ಶ್ವಾಸನಾಳಕ್ಕೇ ತಲುಪಿಸುವುದರ ಲಾಭವನ್ನು ಒಂದು ಸರಳ ಲೆಕ್ಕ ತೋರಿಸುತ್ತದೆ. ಬಿಗಿದ ನಾಳಗಳನ್ನು ಸಡಿಲಿಸುವ ಸಾಲ್ಬುಟಮಾಲ್ ಎಂಬ ಔಷಧವನ್ನು ಮಾತ್ರೆಯ ರೂಪದಲ್ಲಿ ಕೊಟ್ಟರೆ ವಯಸ್ಕರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 4 ಮಿಲಿಗ್ರಾಂ, ಎಂದರೆ 4000 ಮೈಕ್ರೋಗ್ರಾಂ ಬೇಕಾಗುತ್ತದೆ. ಇನ್ಹೇಲರಿನಲ್ಲಿ ಅದೇ ಔಷಧದ ಎರಡು ಪಫ್, ಎಂದರೆ 200 ಮೈಕ್ರೋಗ್ರಾಂ ಸಾಕು. ಇಪ್ಪತ್ತರಲ್ಲಿ ಒಂದು ಪಾಲಿನಿಂದ ಕೆಲಸವಾಗುತ್ತದೆ, ಅದೂ ಕೆಲವೇ ನಿಮಿಷಗಳಲ್ಲಿ, ಮತ್ತು ಮಾತ್ರೆ ತರುವ ಕೈನಡುಕ, ಎದೆಬಡಿತಗಳು ಬಹಳ ಕಡಿಮೆಯಾಗುತ್ತವೆ. ಒತ್ತಡದಲ್ಲಿ ತುಂಬಿದ ಡಬ್ಬಿಯಿಂದ ನಿಗದಿತ ಪ್ರಮಾಣವನ್ನು ಚಿಮ್ಮಿಸುವ ಇನ್ಹೇಲರು ಅಮೆರಿಕದಲ್ಲಿ 1956ರಲ್ಲಿ ಮಾರುಕಟ್ಟೆಗೆ ಬಂದದ್ದು ಶ್ವಾಸರೋಗಗಳ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು.

ಆದರೆ ಈ ದಾರಿ ಇಕ್ಕಟ್ಟಿನದು. ಔಷಧದ ಕಣಗಳು ಸುಮಾರು 1ರಿಂದ 5 ಮೈಕ್ರಾನ್ ಗಾತ್ರದಲ್ಲಿದ್ದರೆ ಮಾತ್ರ ಕೆಳಗಿನ ನಾಳಗಳನ್ನು ತಲುಪುತ್ತವೆ. ಅದಕ್ಕಿಂತ ದೊಡ್ಡವು ಗಂಟಲಿನ ತಿರುವಿನಲ್ಲಿಯೇ ಅಂಟಿಕೊಳ್ಳುತ್ತವೆ, ತೀರ ಸಣ್ಣವು ಉಸಿರಿನ ಜೊತೆ ಹೊರಗೆ ಬಂದುಬಿಡುತ್ತವೆ. ಸ್ಪ್ರೇ ಇನ್ಹೇಲರನ್ನು ಸರಿಯಾಗಿ ಬಳಸಿದಾಗಲೂ ಸಾಮಾನ್ಯವಾಗಿ ಔಷಧದ ಶೇ 10ರಿಂದ 20ರಷ್ಟು ಮಾತ್ರ ಶ್ವಾಸಕೋಶಕ್ಕೆ ಇಳಿಯುತ್ತದೆ, ತಪ್ಪಾಗಿ ಬಳಸಿದರೆ ಅದೂ ಇಲ್ಲ. 1975ರಿಂದ 2014ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, 54 ಸಾವಿರಕ್ಕೂ ಹೆಚ್ಚು ಜನರ ಬಳಕೆಯ ಕ್ರಮವನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಕಂಡುಕೊಂಡಂತೆ, ಇನ್ಹೇಲರನ್ನು ಸರಿಯಾಗಿ ಬಳಸುವವರು ನೂರಕ್ಕೆ 31 ಜನ ಮಾತ್ರ, ಮತ್ತು ನಲವತ್ತು ವರ್ಷಗಳಲ್ಲಿ ಈ ಪ್ರಮಾಣ ಸುಧಾರಿಸಿಯೇ ಇರಲಿಲ್ಲ. ಔಷಧಗಳು ಉತ್ತಮಗೊಂಡವು, ಸಾಧನಗಳು ಬದಲಾದವು, ಆದರೆ ಅವುಗಳನ್ನು ಬಳಸುವ ಕ್ರಮವನ್ನು ರೋಗಿಗೆ ಕಲಿಸುವ ಕೆಲಸ ಇದ್ದಲ್ಲಿಯೇ ಉಳಿಯಿತು.

ತಪ್ಪುಗಳ ಬಗೆಯನ್ನು ಹತ್ತಿರದಿಂದ ನೋಡಿದರೆ ಅವು ಯಾಕೆ ಆಗುತ್ತವೆ ಎಂಬುದು ಅರ್ಥವಾಗುತ್ತದೆ. ಜನ 'ಪಂಪು' ಎನ್ನುವ ಸ್ಪ್ರೇ ಇನ್ಹೇಲರನ್ನು ಮೊದಲು ಅಲುಗಾಡಿಸಬೇಕು, ಉಸಿರನ್ನು ಪೂರ್ತಿ ಹೊರಬಿಡಬೇಕು, ತುಟಿಗಳಿಂದ ಅದರ ಬಾಯಿಯನ್ನು ಬಿಗಿಯಾಗಿ ಮುಚ್ಚಬೇಕು, ನಿಧಾನವಾಗಿ ಉಸಿರೆಳೆಯಲು ತೊಡಗಿದ ಕ್ಷಣದಲ್ಲಿಯೇ ಡಬ್ಬಿಯನ್ನು ಒತ್ತಬೇಕು, ನಾಲ್ಕೈದು ಸೆಕೆಂಡುಗಳ ಕಾಲ ಎಳೆದು, ಸುಮಾರು 10 ಸೆಕೆಂಡು ಉಸಿರು ಹಿಡಿದಿರಬೇಕು. ಪುಡಿ ತುಂಬಿದ ಕ್ಯಾಪ್ಸೂಲನ್ನು ಹಾಕಿ ಸೇದುವ ಸಾಧನಕ್ಕೆ ಇದರ ವಿರುದ್ಧವಾದ ಕ್ರಮ ಬೇಕು. ಅದರಲ್ಲಿ ಪುಡಿಯನ್ನು ಚದುರಿಸಿ ಒಳಗೆ ಒಯ್ಯುವುದು ರೋಗಿಯ ಉಸಿರಿನ ರಭಸವೇ ಆದುದರಿಂದ ಜೋರಾಗಿ, ವೇಗವಾಗಿ ಎಳೆಯಬೇಕು. ಒಂದನ್ನು ಕಲಿತವರು ಇನ್ನೊಂದನ್ನು ಅದೇ ರೀತಿ ಬಳಸಿದರೆ ಎರಡೂ ವ್ಯರ್ಥ, ಮತ್ತು ಎಷ್ಟೋ ರೋಗಿಗಳ ಚೀಟಿಯಲ್ಲಿ ಎರಡೂ ಬಗೆಯ ಸಾಧನಗಳಿರುತ್ತವೆ. ಸೇದಬೇಕಾದ ಕ್ಯಾಪ್ಸೂಲನ್ನು ಮಾತ್ರೆಯೆಂದು ತಿಳಿದು ನೀರಿನೊಡನೆ ನುಂಗುವವರಿದ್ದಾರೆ, ಮುಚ್ಚಳ ತೆಗೆಯದೆ ಒತ್ತುವವರಿದ್ದಾರೆ, ಸಾಧನದೊಳಕ್ಕೇ ಉಸಿರು ಬಿಟ್ಟು ಪುಡಿಯನ್ನು ಒದ್ದೆ ಮಾಡಿಕೊಳ್ಳುವವರಿದ್ದಾರೆ. ಮಳೆಗಾಲದ ಮಲೆನಾಡು ಮತ್ತು ಕರಾವಳಿಯ ಹವೆಯಲ್ಲಿ ಬಾಟಲಿಯಿಂದ ತೆಗೆದು ಹೊರಗಿಟ್ಟ ಕ್ಯಾಪ್ಸೂಲು ತೇವ ಹೀರಿ ಪುಡಿ ಗಂಟುಕಟ್ಟುವುದೂ ಉಂಟು.

ಕೌಂಟರಿನ ಮುಂದಿನ ಐದು ನಿಮಿಷ

ಇಂತಹ ತಪ್ಪುಗಳನ್ನು ಮಾತಿನಿಂದ ತಿದ್ದುವುದು ಕಷ್ಟ, ತೋರಿಸಿ ತಿದ್ದುವುದು ಸುಲಭ. ಫಾರ್ಮಾಸಿಸ್ಟರು ಔಷಧವಿಲ್ಲದ ಮಾದರಿ ಸಾಧನವೊಂದನ್ನು ಕೈಯಲ್ಲಿ ಹಿಡಿದು ಹಂತ ಹಂತವಾಗಿ ಮಾಡಿ ತೋರಿಸುವುದು, ಅನಂತರ ರೋಗಿಯ ಕೈಯಿಂದಲೇ ಮಾಡಿಸಿ ನೋಡುವುದು, ತಪ್ಪಿದ ಹಂತವನ್ನು ಮಾತ್ರ ಮತ್ತೆ ತೋರಿಸುವುದು, ಸರಿಯಾಗುವವರೆಗೆ ಇದನ್ನು ಪುನರಾವರ್ತಿಸುವುದು, ಇದು ಜಗತ್ತಿನೆಲ್ಲೆಡೆ ಒಪ್ಪಿತವಾದ ಕ್ರಮ. ಇದಕ್ಕೆ ಕೆಲವೇ ನಿಮಿಷಗಳು ಸಾಕು. ಆದರೆ ಒಮ್ಮೆ ಕಲಿತದ್ದು ಕೆಲವು ವಾರಗಳಲ್ಲಿಯೇ ಮರೆಯತೊಡಗುವುದರಿಂದ ಮುಂದಿನ ಸಲ ಔಷಧ ಕೊಳ್ಳಲು ಬಂದಾಗ ಮತ್ತೊಮ್ಮೆ ಮಾಡಿಸಿ ನೋಡಬೇಕಾಗುತ್ತದೆ, ಮತ್ತು ತಿಂಗಳು ತಿಂಗಳೂ ರೋಗಿಯನ್ನು ನೋಡುವ ಅವಕಾಶ ವೈದ್ಯರಿಗಿಂತ ಹೆಚ್ಚಾಗಿ ಫಾರ್ಮಾಸಿಸ್ಟರಿಗೇ ಸಿಗುತ್ತದೆ.

ಕೈ ಮತ್ತು ಉಸಿರಿನ ಹೊಂದಾಣಿಕೆ ಸಾಧ್ಯವಾಗದ ಚಿಕ್ಕ ಮಕ್ಕಳಿಗೂ ವಯಸ್ಸಾದವರಿಗೂ ಸ್ಪೇಸರ್ ಎಂಬ ಟೊಳ್ಳು ಕೊಳವೆ ನೆರವಾಗುತ್ತದೆ. ಇನ್ಹೇಲರಿನಿಂದ ಚಿಮ್ಮಿದ ಔಷಧ ಕೊಳವೆಯಲ್ಲಿ ಕ್ಷಣಕಾಲ ನಿಲ್ಲುತ್ತದೆ, ದೊಡ್ಡ ಕಣಗಳು ಅದರ ಗೋಡೆಗೆ ಅಂಟಿಕೊಂಡು ಸಣ್ಣವು ತೇಲುತ್ತಿರುತ್ತವೆ, ರೋಗಿ ಅವನ್ನು ನಿಧಾನವಾಗಿ ಉಸಿರಾಡಿಕೊಳ್ಳಬಹುದು. ಪ್ರಾಣಾಪಾಯದ ಮಟ್ಟ ಮುಟ್ಟದ ಅಸ್ತಮಾ ಉಲ್ಬಣದಲ್ಲಿ ಸ್ಪೇಸರಿನ ಮೂಲಕ ಕೊಟ್ಟ ಇನ್ಹೇಲರು ವಿದ್ಯುತ್ತಿನಿಂದ ಔಷಧವನ್ನು ಮಂಜಾಗಿಸುವ ನೆಬ್ಯುಲೈಸರ್ ಯಂತ್ರಕ್ಕೆ ಯಾವ ರೀತಿಯಲ್ಲಿಯೂ ಕಡಿಮೆಯಿಲ್ಲ ಎಂಬುದು ಹಲವು ಪ್ರಯೋಗಗಳಿಂದ ಖಚಿತವಾಗಿದೆ. ವಿದ್ಯುತ್ ನಂಬಿಕೆಗೆ ಸಿಗದ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಸಂಶೋಧಕರು 500 ಮಿಲಿಲೀಟರಿನ ಸಾಮಾನ್ಯ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರಿನ ಬಾಯಿ ಸರಿಯಾಗಿ ಕೂರುವಷ್ಟು ರಂಧ್ರ ಮಾಡಿ, ಸಂದನ್ನು ಅಂಟಿನಿಂದ ಮುಚ್ಚಿ ಸಿದ್ಧಪಡಿಸಿದ ಸ್ಪೇಸರು ಮಕ್ಕಳಲ್ಲಿ ಕಾರ್ಖಾನೆಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆ ಎಂದು 1999ರಲ್ಲಿ ತೋರಿಸಿದರು. ಸ್ಪೇಸರನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಉಜ್ಜದೆ ಗಾಳಿಗೆ ಒಣಗಲು ಬಿಡಬೇಕು, ಏಕೆಂದರೆ ಉಜ್ಜಿದರೆ ಉಂಟಾಗುವ ಸ್ಥಾಯಿ ವಿದ್ಯುತ್ತು ಔಷಧದ ಕಣಗಳನ್ನು ಗೋಡೆಗೆ ಸೆಳೆದುಬಿಡುತ್ತದೆ. ಸ್ಟೀರಾಯ್ಡ್ ಇರುವ ಇನ್ಹೇಲರು ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆಯ ಮೇಲೆ ಬಿಳಿಯ ಶಿಲೀಂಧ್ರ ಬೆಳೆಯಬಹುದು, ದನಿ ಒಡೆಯಬಹುದು. ಎಷ್ಟು ಪಫ್ ಉಳಿದಿವೆ ಎಂಬ ಎಣಿಕೆ ತೋರಿಸದ ಡಬ್ಬಿಗಳಲ್ಲಿ ಔಷಧ ಮುಗಿದ ಮೇಲೂ ಅನಿಲ ಚಿಮ್ಮುತ್ತಲೇ ಇರುವುದರಿಂದ, ಅಲುಗಾಡಿಸಿ ನೋಡಿ ಇನ್ನೂ ಇದೆ ಎಂದು ನಂಬುವ ರೋಗಿ ಬರಿಯ ಅನಿಲವನ್ನು ಸೇದುತ್ತಿರಬಹುದು. ಡಬ್ಬಿಯ ಮೇಲೆ ಆರಂಭಿಸಿದ ದಿನಾಂಕವನ್ನೂ ಮುಗಿಯಬೇಕಾದ ದಿನಾಂಕವನ್ನೂ ಫಾರ್ಮಾಸಿಸ್ಟರು ಬರೆದುಕೊಟ್ಟರೆ ಈ ಅಪಾಯ ತಪ್ಪುತ್ತದೆ. ಇವಾವುವೂ ದೊಡ್ಡ ವಿದ್ಯೆಗಳಲ್ಲ, ಆದರೆ ಯಾರಾದರೂ ಹೇಳದೆ ರೋಗಿಗೆ ತಾನಾಗಿ ಹೊಳೆಯುವಂಥವೂ ಅಲ್ಲ.

ಶಮನದ ಔಷಧ, ನಿಯಂತ್ರಣದ ಔಷಧ

ಅಸ್ತಮಾದ ಔಷಧಗಳಲ್ಲಿ ಎರಡು ಬಗೆ. ಸಾಲ್ಬುಟಮಾಲಿನಂತಹ ಶಮನಕಾರಿಗಳು ಬಿಗಿದ ಸ್ನಾಯುವನ್ನು ಕೂಡಲೇ ಸಡಿಲಿಸಿ ಕೆಲವು ಗಂಟೆಗಳ ನೆಮ್ಮದಿ ಕೊಡುತ್ತವೆ, ಆದರೆ ಉರಿಯೂತವನ್ನು ಮುಟ್ಟುವುದಿಲ್ಲ. ಬುಡೆಸೊನೈಡ್, ಬೆಕ್ಲೊಮೆಟಾಸೋನಿನಂತಹ ಸ್ಟೀರಾಯ್ಡ್ ಇನ್ಹೇಲರುಗಳು ನಿಯಂತ್ರಕಗಳು. ಇವು ಉರಿಯೂತವನ್ನು ದಿನೇ ದಿನೇ ತಗ್ಗಿಸುತ್ತವೆ, ಸೇದಿದ ಕೂಡಲೇ ಯಾವ ಬದಲಾವಣೆಯೂ ಅನುಭವಕ್ಕೆ ಬರುವುದಿಲ್ಲ. ನಿಯಂತ್ರಕವನ್ನು ಬಿಟ್ಟು ಶಮನಕಾರಿಯನ್ನೇ ನೆಚ್ಚಿಕೊಳ್ಳುವುದೆಂದರೆ ಸೋರುವ ಮಾಡನ್ನು ಸರಿಪಡಿಸದೆ ಕೆಳಗೆ ಪಾತ್ರೆ ಇಡುತ್ತಾ ಹೋದಂತೆ. ಕೂಡಲೇ ಗುಣ ಕಾಣಿಸುವ ಔಷಧವೇ ಒಳ್ಳೆಯ ಔಷಧವೆಂದು ರೋಗಿಗೆ ಅನ್ನಿಸುವುದು ಸಹಜವಾದುದರಿಂದ ಈ ತಪ್ಪು ತಿಳಿವಳಿಕೆ ಎಲ್ಲ ದೇಶಗಳಲ್ಲಿಯೂ ಇದೆ. ಇದರ ಜೊತೆಗೆ, ಇನ್ಹೇಲರು ಚಟವಾಗಿಬಿಡುತ್ತದೆ, ಅದು ಕೊನೆಯ ಹಂತದ ಔಷಧ, ಹೆಣ್ಣುಮಕ್ಕಳು ಬಳಸುವುದು ಕಂಡರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಅಂಜಿಕೆಗಳು ಭಾರತದಲ್ಲಿ ಬೇರೂರಿವೆ. ಸ್ಟೀರಾಯ್ಡ್ ಎಂಬ ಹೆಸರು ಕೇಳಿಯೇ ಇನ್ಹೇಲರನ್ನು ಬಿಟ್ಟವರು ಕೊನೆಗೆ ಮಿಲಿಗ್ರಾಂಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುವ ಸ್ಥಿತಿಗೆ ಬರುವುದು ಈ ಅಂಜಿಕೆಯ ಅತ್ಯಂತ ದುಃಖದ ಫಲ; ಇನ್ಹೇಲರಿನ ಪ್ರಮಾಣ ಮೈಕ್ರೋಗ್ರಾಂ ಲೆಕ್ಕದ್ದು, ಅದೂ ಬಹುಪಾಲು ಶ್ವಾಸನಾಳದಲ್ಲಿಯೇ ಕೆಲಸ ಮಾಡುವಂಥದ್ದು ಎಂಬುದನ್ನು ರೋಗಿಯ ಭಾಷೆಯಲ್ಲಿ ಬಿಡಿಸಿ ಹೇಳುವವರು ಬೇಕು.

ಶಮನಕಾರಿಯನ್ನು ಯಾರು ಎಷ್ಟು ಕೊಳ್ಳುತ್ತಿದ್ದಾರೆ ಎಂಬುದು ಬೇರಾರಿಗಿಂತ ಮೊದಲು ತಿಳಿಯುವುದು ಫಾರ್ಮಾಸಿಸ್ಟರಿಗೆ. ಅಸ್ತಮಾ ಹತೋಟಿಯಲ್ಲಿರುವ ರೋಗಿಗೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಶಮನಕಾರಿಯ ಅಗತ್ಯ ಬೀಳಬಾರದು ಎಂಬುದು ಒಪ್ಪಿತವಾದ ಮಾನದಂಡ. ಸಲಕ್ಕೆ ಎರಡು ಪಫ್ ಎಂದು ಲೆಕ್ಕ ಹಾಕಿದರೂ ವರ್ಷಕ್ಕೆ 208 ಪಫ್ ಆಗುತ್ತವೆ, ಎಂದರೆ 200 ಪಫ್‌ಗಳ ಒಂದು ಡಬ್ಬಿ ಹೆಚ್ಚುಕಡಿಮೆ ಒಂದು ವರ್ಷ ಬರಬೇಕು. ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಡಬ್ಬಿ ಬಳಸುವವರಲ್ಲಿ ರೋಗ ಉಲ್ಬಣಿಸುವ ಅಪಾಯ ಹೆಚ್ಚು, ಹನ್ನೆರಡನ್ನು ಮುಟ್ಟಿದರೆ ಸಾವಿನ ಅಪಾಯವೂ ಹೆಚ್ಚು ಎಂದು ಅಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಜಿನಾ ಎಚ್ಚರಿಸುತ್ತದೆ. ಬ್ರಿಟನ್ನಿನಲ್ಲಿ ಅಸ್ತಮಾದಿಂದ ಸಂಭವಿಸಿದ 195 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2014ರಲ್ಲಿ ಹೊರತಂದ ವರದಿ ಇದೇ ಮಾತನ್ನು ಮನಕಲಕುವ ಅಂಕಿಗಳಲ್ಲಿ ಹೇಳಿತು: ಶಮನಕಾರಿಯ ಲೆಕ್ಕ ಲಭ್ಯವಿದ್ದವರಲ್ಲಿ ಶೇ 39ರಷ್ಟು ಜನರಿಗೆ ಸಾವಿನ ಹಿಂದಿನ ವರ್ಷದಲ್ಲಿ 12ಕ್ಕಿಂತ ಹೆಚ್ಚು ಡಬ್ಬಿಗಳನ್ನು ಬರೆದುಕೊಡಲಾಗಿತ್ತು, ಶೇ 4ರಷ್ಟು ಜನರಿಗೆ 50ಕ್ಕಿಂತ ಹೆಚ್ಚು. ಶಮನಕಾರಿಯೊಂದನ್ನೇ ಬಳಸುವ ಚಿಕಿತ್ಸೆಯನ್ನು ಜಿನಾ 2019ರಿಂದ ಶಿಫಾರಸು ಮಾಡುತ್ತಿಲ್ಲ, ಶಮನಕ್ಕೂ ಸ್ಟೀರಾಯ್ಡ್ ಬೆರೆತ ಇನ್ಹೇಲರನ್ನೇ ಮುಂದಿಡುತ್ತದೆ. ತಿಂಗಳಿಗೊಂದು ಶಮನಕಾರಿ ಡಬ್ಬಿ ಕೊಳ್ಳುವ ಗಿರಾಕಿ ಅಂಗಡಿಯ ಲೆಕ್ಕದಲ್ಲಿ ಒಳ್ಳೆಯ ಗಿರಾಕಿ, ವೈದ್ಯಕೀಯದ ಲೆಕ್ಕದಲ್ಲಿ ಅಪಾಯದ ಅಂಚಿನಲ್ಲಿರುವ ರೋಗಿ. ಈ ಎರಡನೆಯ ದೃಷ್ಟಿಯಿಂದ ನೋಡಬಲ್ಲ ಫಾರ್ಮಾಸಿಸ್ಟರು ಆ ರೋಗಿಯನ್ನು ಸಮಯಕ್ಕೆ ಸರಿಯಾಗಿ ವೈದ್ಯರ ಬಳಿಗೆ ಕಳಿಸಬಲ್ಲರು.

ಬೇರೆ ರೋಗದ ಔಷಧ, ಉಸಿರಿಗೆ ತೊಂದರೆ

ಔಷಧ ಔಷಧಗಳ ನಡುವಿನ ಸಂಬಂಧವನ್ನು ಬಲ್ಲ ಫಾರ್ಮಾಸಿಸ್ಟರ ನೆರವು ಇನ್ನೊಂದು ಕಡೆಯಿಂದಲೂ ಬೇಕಾಗುತ್ತದೆ. ಅಸ್ತಮಾ ಇರುವವರು ಬೇರೆ ಬೇರೆ ವೈದ್ಯರಿಂದ ಬೇರೆ ಬೇರೆ ಕಾಯಿಲೆಗೆ ಚೀಟಿ ಬರೆಸಿಕೊಂಡು ಬಂದಾಗ, ಎಲ್ಲ ಚೀಟಿಗಳೂ ಒಟ್ಟಿಗೆ ಸೇರುವ ಜಾಗ ಔಷಧದ ಅಂಗಡಿ. ಅರೆತಲೆನೋವಿಗೆ ಕೊಡುವ ಪ್ರೊಪ್ರಾನೊಲಾಲ್ ಶ್ವಾಸನಾಳಗಳನ್ನು ಬಿಗಿಗೊಳಿಸಬಲ್ಲದು. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಗಳು ಕಣ್ಣಿನ ಮೂಲೆಯ ನಾಳದಿಂದ ಮೂಗಿಗೆ ಇಳಿದು, ಅಲ್ಲಿಂದ ರಕ್ತಕ್ಕೆ ಸೇರಿ, ಅಸ್ತಮಾ ಇರುವವರಲ್ಲಿ ತೀವ್ರವಾದ ಉಬ್ಬಸವನ್ನು ಉಂಟುಮಾಡಿದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿವೆ. ಕಣ್ಣಿನ ಹನಿಗೂ ಉಬ್ಬಸಕ್ಕೂ ನಂಟಿರಬಹುದೆಂದು ರೋಗಿಯಾಗಲಿ ಮನೆಯವರಾಗಲಿ ಊಹಿಸುವುದು ಕಷ್ಟ. ಅಸ್ತಮಾ ಇರುವ ವಯಸ್ಕರಲ್ಲಿ ನೂರಕ್ಕೆ ಸುಮಾರು 7 ಜನರಿಗೆ ಆಸ್ಪಿರಿನ್ ಮತ್ತು ಅದೇ ಗುಂಪಿನ ನೋವಿನ ಮಾತ್ರೆಗಳು ಉಸಿರು ಕಟ್ಟಿಸುತ್ತವೆ, ಆದರೆ ಮೈಕೈ ನೋವಿನ ಮಾತ್ರೆಯನ್ನು ಜನ ಚೀಟಿಯಿಲ್ಲದೆಯೇ ಕೇಳಿ ಪಡೆಯುತ್ತಾರೆ. ರಕ್ತದೊತ್ತಡಕ್ಕೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್‌ನಂತಹ ಔಷಧಗಳು ಕೆಲವರಲ್ಲಿ ಬಿಡದ ಒಣಕೆಮ್ಮು ತರುತ್ತವೆ. ಔಷಧವನ್ನು ಬದಲಿಸಿದರೆ ನಿಲ್ಲುವ ಆ ಕೆಮ್ಮಿಗೆ ಬಾಟಲಿಗಟ್ಟಲೆ ಸಿರಪ್ ಕುಡಿಯುವವರು ಇದ್ದಾರೆ.

ಹಳ್ಳಿಗಳಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಥಿಯೋಫಿಲಿನ್ ಗುಂಪಿನ ಮಾತ್ರೆಗಳಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಡಿಮೆ. ಸಿಪ್ರೊಫ್ಲಾಕ್ಸಾಸಿನ್ ಅಥವಾ ಎರಿತ್ರೊಮೈಸಿನ್ ಎಂಬ ಪ್ರತಿಜೀವಕಗಳು ಜೊತೆಗೂಡಿದರೆ ರಕ್ತದಲ್ಲಿ ಅದರ ಮಟ್ಟ ಏರಿ ವಾಂತಿ, ಎದೆಬಡಿತದ ಏರುಪೇರು, ಸೆಳೆತಗಳವರೆಗೆ ಹೋಗಬಹುದು. ಸಿಗರೇಟಿನ ಹೊಗೆ ಈ ಔಷಧವನ್ನು ಯಕೃತ್ತು ಬೇಗ ಕರಗಿಸುವಂತೆ ಮಾಡುವುದರಿಂದ, ಧೂಮಪಾನ ಬಿಟ್ಟವರಲ್ಲಿ ಹಳೆಯ ಪ್ರಮಾಣವೇ ಹೆಚ್ಚಾಗಿಬಿಡುತ್ತದೆ. ಧೂಮಪಾನ ಬಿಡುವುದು ಸಿಒಪಿಡಿ ರೋಗಿಗೆ ಎಲ್ಲ ಔಷಧಗಳಿಗಿಂತ ಮಿಗಿಲಾದ ಉಪಕಾರ, ಮತ್ತು ಬಿಡಲು ನೆರವಾಗುವ ನಿಕೋಟಿನ್ ಚ್ಯೂಯಿಂಗ್ ಗಮ್ಮಿನಂತಹ ಪದಾರ್ಥಗಳನ್ನು ಬಳಸುವ ಕ್ರಮ ತಿಳಿಸುವುದರ ಜೊತೆಗೆ ಇಂತಹ ಸೂಕ್ಷ್ಮಗಳನ್ನು ನೆನಪಿಡುವುದೂ ಫಾರ್ಮಾಸಿಸ್ಟರ ಕೆಲಸ.

ಬೇರೆ ದೇಶಗಳ ಅನುಭವ

ಈ ಕೆಲಸದಿಂದ ನಿಜವಾಗಿ ಪ್ರಯೋಜನವಾಗುತ್ತದೆಯೇ ಎಂಬ ಪ್ರಶ್ನೆಗೆ ಹಲವು ದೇಶಗಳು ಉತ್ತರ ಹುಡುಕಿವೆ. ಫಿನ್ಲೆಂಡ್ 1994ರಿಂದ 2004ರವರೆಗೆ ನಡೆಸಿದ ರಾಷ್ಟ್ರೀಯ ಅಸ್ತಮಾ ಕಾರ್ಯಕ್ರಮದಲ್ಲಿ ವೈದ್ಯರು ಮತ್ತು ದಾದಿಯರ ಜಾಲದ ಜೊತೆಗೆ ಸುಮಾರು 700 ಫಾರ್ಮಾಸಿಸ್ಟರನ್ನು ಅಸ್ತಮಾದ ಹೊಣೆಗಾರರನ್ನಾಗಿ ನೇಮಿಸಲಾಯಿತು. ಅಸ್ತಮಾ ಇರುವವರ ಸಂಖ್ಯೆ ಏರುತ್ತಿದ್ದ ಆ ಹತ್ತು ವರ್ಷಗಳಲ್ಲಿಯೇ ಅಸ್ತಮಾಕ್ಕಾಗಿ ಆಸ್ಪತ್ರೆಯಲ್ಲಿ ಕಳೆದ ದಿನಗಳು ಅರ್ಧಕ್ಕಿಂತ ಹೆಚ್ಚು ಇಳಿದವು, ಪ್ರತಿ ರೋಗಿಗೆ ತಗಲುವ ವೆಚ್ಚವೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತಗ್ಗಿತು. ಇದರ ಪೂರ್ಣ ಶ್ರೇಯಸ್ಸು ಫಾರ್ಮಾಸಿಸ್ಟರಿಗೇ ಸಲ್ಲುವುದಿಲ್ಲ. ಆದರೆ ವೈದ್ಯರು ಹೇಳಿದ್ದನ್ನು ದಾದಿ ಕಲಿಸಿ, ಅದನ್ನೇ ಔಷಧಾಲಯದಲ್ಲಿ ಮತ್ತೆ ದೃಢಪಡಿಸಿದ ವ್ಯವಸ್ಥೆಯ ಒಂದು ಕಂಬ ಅವರಾಗಿದ್ದರು.

ಆಸ್ಟ್ರೇಲಿಯಾದಲ್ಲಿ ಫಾರ್ಮಾಸಿಸ್ಟರೇ ಅಸ್ತಮಾ ರೋಗಿಗಳನ್ನು ಆರು ತಿಂಗಳ ಕಾಲ ಹಿಂಬಾಲಿಸಿದ ಕಾರ್ಯಕ್ರಮವೊಂದರ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಶೇ 88ರಷ್ಟಿದ್ದ ತೀವ್ರ ಅಸ್ತಮಾದ ಪ್ರಮಾಣ ಕೊನೆಯ ಹೊತ್ತಿಗೆ ಶೇ 53ರ ಆಸುಪಾಸಿಗೆ ಇಳಿದಿತ್ತು, ಎಂದಿನಂತೆ ಔಷಧ ಪಡೆದ ಹೋಲಿಕೆಯ ಗುಂಪಿನಲ್ಲಿ ಹೆಚ್ಚಿನ ಬದಲಾವಣೆ ಕಾಣಲಿಲ್ಲ. ಬೆಲ್ಜಿಯಂನಲ್ಲಿ 734 ಸಿಒಪಿಡಿ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫಾರ್ಮಾಸಿಸ್ಟರು ರೋಗಿಗಳೊಡನೆ ಕುಳಿತು ಮಾತಾಡಿದ್ದು ಮೂರು ತಿಂಗಳ ಅವಧಿಯಲ್ಲಿ ಎರಡು ಸಲ ಮಾತ್ರ. ಆದರೂ ಇನ್ಹೇಲರ್ ಬಳಕೆಯ ಕ್ರಮವೂ ಔಷಧವನ್ನು ತಪ್ಪದೆ ತೆಗೆದುಕೊಳ್ಳುವ ರೂಢಿಯೂ ಸುಧಾರಿಸಿದವು, ಆಸ್ಪತ್ರೆ ಸೇರುವುದು ಗಣನೀಯವಾಗಿ ಕಡಿಮೆಯಾಯಿತು. ಇಂಗ್ಲೆಂಡಿನಲ್ಲಿ 2011ರ ಅಕ್ಟೋಬರಿನಿಂದ, ಅಸ್ತಮಾ ಮತ್ತು ಸಿಒಪಿಡಿಯೂ ಸೇರಿದಂತೆ ಕೆಲವು ದೀರ್ಘಕಾಲಿಕ ರೋಗಗಳಿಗೆ ಹೊಸ ಔಷಧ ಆರಂಭಿಸಿದವರನ್ನು ಫಾರ್ಮಾಸಿಸ್ಟರು ಮೊದಲ ಕೆಲವು ವಾರಗಳಲ್ಲಿ ಎರಡು ಸಲ ವಿಚಾರಿಸಿಕೊಳ್ಳುವ ಸೇವೆಗೆ ಸರ್ಕಾರವೇ ಹಣ ಕೊಡುತ್ತದೆ. ಈ ಸೇವೆ ಪಡೆದವರಲ್ಲಿ ಹತ್ತು ವಾರಗಳ ಬಳಿಕ ಶೇ 71ರಷ್ಟು ಜನ ಔಷಧವನ್ನು ಸರಿಯಾಗಿ ಮುಂದುವರಿಸಿದ್ದರು, ಪಡೆಯದವರಲ್ಲಿ ಈ ಪ್ರಮಾಣ ಶೇ 61ರ ಹತ್ತಿರವಿತ್ತು. ಈ ಉದಾಹರಣೆಗಳೆಲ್ಲವುಗಳಲ್ಲಿ ಸಮಾನವಾದ ಸಂಗತಿಯೊಂದಿದೆ: ಸಲಹೆಗೆ ಕ್ರಮವಿತ್ತು, ಸಮಯ ಗೊತ್ತುಪಡಿಸಲಾಗಿತ್ತು, ಮರುಭೇಟಿ ಇತ್ತು. ಔಷಧ ಕಟ್ಟಿಕೊಡುತ್ತಾ ಎಸೆಯುವ ಒಂದು ಮಾತಿನಿಂದ ಇಂತಹ ಫಲ ಬರುವುದಿಲ್ಲ.

ಕರ್ನಾಟಕದ ನೆಲೆಯಲ್ಲಿ

ಭಾರತದಲ್ಲಿ ಇದಕ್ಕೆ ಬೇಕಾದ ಕಾನೂನಿನ ಚೌಕಟ್ಟು ಹೊಸದಾಗಿ ಹುಟ್ಟಬೇಕಿಲ್ಲ. 1948ರ ಫಾರ್ಮಸಿ ಕಾಯಿದೆಯು ನೋಂದಾಯಿತ ಫಾರ್ಮಾಸಿಸ್ಟರ ವೃತ್ತಿಯನ್ನು ನೆಲೆಗೊಳಿಸಿತು, 2015ರ ಫಾರ್ಮಸಿ ವೃತ್ತಿ ನಿಯಮಾವಳಿಯು ರೋಗಿಗೆ ಔಷಧದ ಬಗ್ಗೆ ತಿಳಿವಳಿಕೆ ನೀಡುವುದನ್ನು ಫಾರ್ಮಾಸಿಸ್ಟರ ಕರ್ತವ್ಯವೆಂದು ಸ್ಪಷ್ಟವಾಗಿ ಬರೆಯಿತು. ಶಿಕ್ಷಣದಲ್ಲಿ ಕರ್ನಾಟಕದ ಪಾತ್ರ ಹೆಮ್ಮೆಪಡುವಂಥದ್ದು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಔಷಧಗಳನ್ನು ಪರಿಶೀಲಿಸುವ ಕ್ಲಿನಿಕಲ್ ಫಾರ್ಮಸಿಯ ಸ್ನಾತಕೋತ್ತರ ಶಿಕ್ಷಣವನ್ನು ದೇಶದಲ್ಲಿ ಮೊದಮೊದಲು ರೂಪಿಸಿದ ಸಂಸ್ಥೆಗಳಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಪ್ರಮುಖವಾದುದು. 2008ರಲ್ಲಿ ಭಾರತದಲ್ಲಿ ಆರಂಭವಾದ ಆರು ವರ್ಷಗಳ ಫಾರ್ಮ್ ಡಿ ಶಿಕ್ಷಣ ಇಂದು ರಾಜ್ಯದ ಅನೇಕ ಕಾಲೇಜುಗಳಲ್ಲಿದೆ, ಅದರ ವಿದ್ಯಾರ್ಥಿಗಳು ಆಸ್ಪತ್ರೆಗಳ ವಾರ್ಡುಗಳಲ್ಲಿ ಇನ್ಹೇಲರ್ ಬಳಕೆಯನ್ನು ರೋಗಿಗಳಿಗೆ ಕಲಿಸುತ್ತಲೇ ತಮ್ಮ ವಿದ್ಯೆಯನ್ನು ಕಲಿಯುತ್ತಾರೆ.

ಕ್ಷಯರೋಗದ ವಿಷಯದಲ್ಲಿ ಔಷಧದ ಅಂಗಡಿಯ ಹೊಣೆ ಇನ್ನೂ ನೇರವಾದುದು. ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ ಕೇಳಿ ಬಂದವರನ್ನು, ಅದರಲ್ಲಿಯೂ ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಕಾಣುವುದು ಇದ್ದವರನ್ನು ಕಫಪರೀಕ್ಷೆಗೆ ಕಳಿಸಬೇಕು. ಕ್ಷಯದ ಔಷಧಗಳನ್ನು ಮಾರುವ ಅಂಗಡಿಗಳು ರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕೆಂದು 2018ರ ಮಾರ್ಚಿನ ಕೇಂದ್ರ ಅಧಿಸೂಚನೆ ವಿಧಿಸಿದೆ. ಔಷಧ ನಿಯಮಗಳಲ್ಲಿ 2014ರಿಂದ ಜಾರಿಯಲ್ಲಿರುವ ಷೆಡ್ಯೂಲ್ ಎಚ್1 ಎಂಬ ಪಟ್ಟಿಯ ಪ್ರಕಾರ ಕ್ಷಯದ ಔಷಧಗಳು ಮತ್ತು ಕೆಲವು ಪ್ರತಿಜೀವಕಗಳ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಟ್ಟು ಮೂರು ವರ್ಷ ಕಾಪಾಡಬೇಕು. ನೆಗಡಿ ಕೆಮ್ಮುಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬರುವಂಥವಾದುದರಿಂದ ಪ್ರತಿಜೀವಕಗಳಿಂದ ಪ್ರಯೋಜನವಿಲ್ಲ ಎಂದು ಹೇಳಿ ಕಳಿಸುವುದೂ ಶ್ವಾಸರೋಗಗಳ ಆರೈಕೆಯೇ ಆಗಿದೆ.

ಕಾಗದದ ಮೇಲಿನ ಈ ವ್ಯವಸ್ಥೆ ಕೌಂಟರಿನವರೆಗೆ ಬಾರದಿರುವುದಕ್ಕೆ ಕಾರಣಗಳು ಗುಟ್ಟಿನವಲ್ಲ. ಎಷ್ಟೋ ಅಂಗಡಿಗಳಲ್ಲಿ ಗೋಡೆಯ ಮೇಲಿನ ಪರವಾನಗಿಯಲ್ಲಿ ಹೆಸರಿರುವ ಫಾರ್ಮಾಸಿಸ್ಟರು ಕೌಂಟರಿನಲ್ಲಿ ಇರುವುದಿಲ್ಲ, ಅನುಭವದ ಬಲದಿಂದ ಔಷಧ ಕೊಡುವ ಸಹಾಯಕರು ಇರುತ್ತಾರೆ. ಸಲಹೆಗೆ ಹಣವಿಲ್ಲ, ಮಾರಾಟಕ್ಕೆ ಲಾಭವಿದೆ. ಸಂಜೆಯ ನೂಕುನುಗ್ಗಲಿನಲ್ಲಿ ಒಬ್ಬ ರೋಗಿಗೆ ಐದು ನಿಮಿಷ ಕೊಡಲು ಜಾಗವೂ ಇಲ್ಲ, ಮರೆಯೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಸಿ ಅಧಿಕಾರಿಗಳ ಮೇಲೆ ದಾಸ್ತಾನು, ಬೇಡಿಕೆಪಟ್ಟಿ, ಲೆಕ್ಕಪತ್ರಗಳ ಹೊರೆಯೇ ಸಾಕಷ್ಟಿದೆ. ಈ ಅಡ್ಡಿಗಳು ಒಂದೇ ದಿನ ಕರಗುವಂಥವಲ್ಲ, ಆದರೆ ಮಾದರಿ ಇನ್ಹೇಲರುಗಳನ್ನು ಪ್ರತಿ ಆರೋಗ್ಯ ಕೇಂದ್ರಕ್ಕೂ ಒದಗಿಸುವುದು, ಬಳಕೆಯ ಹಂತಗಳನ್ನು ಕನ್ನಡದಲ್ಲಿ ಚಿತ್ರಸಹಿತ ಅಚ್ಚುಹಾಕಿಸಿ ಕೌಂಟರಿನಲ್ಲಿ ತೂಗುಹಾಕುವುದು, ಸ್ಪೇಸರನ್ನು ಉಚಿತ ಔಷಧಗಳ ಜೊತೆಗೇ ಕೊಡುವುದು, ದೀರ್ಘಕಾಲಿಕ ರೋಗಗಳ ಸರ್ಕಾರಿ ಕಾರ್ಯಕ್ರಮದಲ್ಲಿ ಮಧುಮೇಹ ಮತ್ತು ರಕ್ತದೊತ್ತಡದಷ್ಟೇ ಮಹತ್ವವನ್ನು ಶ್ವಾಸರೋಗಗಳಿಗೂ ನೀಡುವುದು, ಇವುಗಳಿಗೆ ದೊಡ್ಡ ಮೊತ್ತದ ಹಣ ಬೇಕಿಲ್ಲ.

ಫಾರ್ಮಾಸಿಸ್ಟರ ಕೆಲಸಕ್ಕೆ ಗಡಿಯೂ ಇದೆ ಎಂಬುದನ್ನು ಮರೆಯುವಂತಿಲ್ಲ. ರೋಗ ಯಾವುದೆಂದು ನಿರ್ಣಯಿಸುವುದೂ ಔಷಧವನ್ನು ಆರಂಭಿಸುವುದೂ ವೈದ್ಯರ ಹೊಣೆ. ಒಂದು ಪೂರ್ಣ ವಾಕ್ಯವನ್ನು ಒಂದೇ ಉಸಿರಿನಲ್ಲಿ ಆಡಲಾಗದವರು, ತುಟಿ ನೀಲಿಗಟ್ಟಿದವರು, ಉಸಿರೆಳೆದಾಗ ಪಕ್ಕೆಗಳ ನಡುವೆ ಒಳಕ್ಕೆ ಸೆಳೆತ ಕಾಣುವ ಮಕ್ಕಳು, ಶಮನಕಾರಿ ಬಳಸಿದರೂ ಇಳಿಯದ ಉಬ್ಬಸದವರು ಅಂಗಡಿಯಲ್ಲಿ ನಿಲ್ಲಬೇಕಾದವರಲ್ಲ, ಕೂಡಲೇ ಆಸ್ಪತ್ರೆಗೆ ಸೇರಬೇಕಾದವರು. ಈ ಗುರುತುಗಳನ್ನು ಕಂಡು ತಡಮಾಡದೆ ಕಳಿಸಿಕೊಡುವುದು ಫಾರ್ಮಾಸಿಸ್ಟರ ತಿಳಿವಳಿಕೆಯ ಒಂದು ಮುಖ್ಯ ಅಂಗ.

ಕಾನೂನು, ಶಿಕ್ಷಣ, ಸರ್ಕಾರದ ಯೋಜನೆ ಇವೆಲ್ಲ ತಮ್ಮ ವೇಗದಲ್ಲಿ ಮುಂದುವರಿಯಲಿ. ರೋಗಿಗಳೂ ಅವರ ಮನೆಯವರೂ ಅಷ್ಟರವರೆಗೆ ಕಾಯಬೇಕಾಗಿಲ್ಲ. ಇನ್ಹೇಲರ್ ಕೊಳ್ಳುವಾಗ ನೋಂದಾಯಿತ ಫಾರ್ಮಾಸಿಸ್ಟರು ಯಾರೆಂದು ವಿಚಾರಿಸಿ, ಬಳಸುವ ಕ್ರಮವನ್ನು ಮಾಡಿ ತೋರಿಸಲು ಕೇಳುವುದು, ಅವರ ಎದುರಿಗೇ ತಾವೂ ಮಾಡಿ ತಪ್ಪಿದ್ದರೆ ತಿದ್ದಿಸಿಕೊಳ್ಳುವುದು, ಮನೆಯಲ್ಲಿ ಬಳಸುವ ಎಲ್ಲ ಔಷಧಗಳ ಹೆಸರನ್ನು, ಕಣ್ಣಿನ ಹನಿ ಮತ್ತು ನೋವಿನ ಮಾತ್ರೆಗಳನ್ನೂ ಸೇರಿಸಿ, ಅವರಿಗೆ ತಿಳಿಸುವುದು ಪ್ರತಿಯೊಬ್ಬ ರೋಗಿಯ ಹಕ್ಕು. ವರ್ಷಕ್ಕೆ ಮೂರು ಶಮನಕಾರಿ ಡಬ್ಬಿಗಳು ಖರ್ಚಾಗುತ್ತಿವೆಯೆಂದರೆ ಮತ್ತೊಂದು ಡಬ್ಬಿಗಿಂತ ಮೊದಲು ವೈದ್ಯರ ಭೇಟಿ ಆಗಲೇಬೇಕು.